ಕೈಯಲ್ಲಿ ಸ್ಕ್ರೂಡ್ರೈವರ್, ಕಣ್ಣು ಎಂಬಿಬಿಎಸ್ ಮೇಲೆ: ಎಂಜಿನಿಯರಿಂಗ್ ಮನಸ್ಸಿನವರು ಮೆಡಿಕಲ್ ಕಾಲೇಜು ಆರಿಸುವುದು ಹೇಗೆ?

ಹೋದ ಭಾನುವಾರ ತುಮಕೂರಿನಲ್ಲಿ ತಂಗಿ ಮನೆಗೆ ಹೋದಾಗ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ಮಗಳು ಅಜ್ಜಿಯ ಬಿಪಿ ಮಷೀನ್ ಬಿಚ್ಚಿ ಹಳೇ ಪೇಪರ್ ಮೇಲೆ ಹರಡಿಕೊಂಡು ಕೂತಿದ್ದಳು. ಪುಟ್ಟ ಮೋಟಾರು, ಅದಕ್ಕೆ ಅಂಟಿದ ಪಂಪು, ಗಾಳಿ ಬಿಡುವ ವಾಲ್ವು, ನಾಲ್ಕು ಸ್ಕ್ರೂ. ಪಕ್ಕದಲ್ಲೇ ನೀಟ್ ಬಯಾಲಜಿ ಪುಸ್ತಕ ಕವುಚಿ ಬಿದ್ದಿತ್ತು. ಸೆಕೆಂಡ್ ಪಿಯು, ಪಿಸಿಎಂಬಿ. "ಮಾವ, ಎರಡೂ ಸೇರಿಸಿ ಓದೋ ಕಾಲೇಜು ಯಾವುದೂ ಇಲ್ವಾ?" ಅಂತ ಕೇಳಿದಳು. ಅಡುಗೆಮನೆಯಿಂದ ತಂಗಿ, "ಎರಡು ದೋಣಿ ಮೇಲೆ ಕಾಲಿಟ್ರೆ ನೀರಿಗೇ ಬೀಳೋದು" ಅಂದಳು.

ನಾನು ಓದಿದ್ದು ಮೆಡಿಕಲ್ ಎಲೆಕ್ಟ್ರಾನಿಕ್ಸ್. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ವೆಂಟಿಲೇಟರ್, ಮಾನಿಟರ್, ಡಯಾಲಿಸಿಸ್ ಮಷೀನ್ ರಿಪೇರಿ ಮಾಡುತ್ತಾ ತಿರುಗುವುದು ನನ್ನ ಕೆಲಸ. ಪ್ರತಿ ವರ್ಷ ಪಿಯು ರಿಸಲ್ಟ್ ಬರುವ ಹೊತ್ತಿಗೆ ಇದೇ ಪ್ರಶ್ನೆ ಯಾರಾದರೂ ಕೇಳೇ ಕೇಳುತ್ತಾರೆ. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಎಂಬಿಬಿಎಸ್ ಮತ್ತು ಬಿಇ ಎರಡನ್ನೂ ಒಂದೇ ಕಟ್ಟಿನಲ್ಲಿ ಕೊಡುವ ಕಾಲೇಜು ನಮ್ಮಲ್ಲಿ ಇಲ್ಲ. ಆ ಜೋಡಿಯನ್ನು ನೀವೇ ಕಟ್ಟಿಕೊಳ್ಳಬೇಕು. ಕಾಲೇಜು ಆರಿಸುವುದು ಅಂದರೆ ಕಟ್ಟಿಕೊಳ್ಳಲು ಜಾಗ, ಸಮಯ, ದುಡ್ಡು ಮೂರೂ ಉಳಿಯುವ ಕಡೆ ಹೋಗುವುದು. ದೊಡ್ಡ ಹೆಸರು, ಗಾಜಿನ ಕಟ್ಟಡ ಎಲ್ಲ ಆಮೇಲಿನ ಮಾತು.

ಹೆಜ್ಜೆ 1: ರೋಗಿ ಬೇಕೋ, ಯಂತ್ರ ಬೇಕೋ?

"ಎರಡೂ ಇಷ್ಟ" ಅನ್ನುವುದು ಸುಲಭ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಏನು ಮಾಡಲು ಇಷ್ಟ ಅಂತ ಕೇಳಿಕೊಳ್ಳಿ.

ನನ್ನದೇ ಒಂದು ಪಜೀತಿ ಹೇಳುತ್ತೇನೆ. ಆಸ್ಪತ್ರೆ ಯಾವುದು ಅಂತ ಬೇಡ. ಐಸಿಯುನಿಂದ ಕರೆ ಬಂತು: "ಮಾನಿಟರ್ ಕೆಟ್ಟಿದೆ, ಸ್ಯಾಚುರೇಶನ್ 72 ತೋರಿಸ್ತಿದೆ, ಪೇಷೆಂಟ್ ಆರಾಮಾಗಿ ಮಾತಾಡ್ತಿದಾರೆ." ಸ್ಯಾಚುರೇಶನ್ ಅಂದರೆ ರಕ್ತದಲ್ಲಿರುವ ಆಕ್ಸಿಜನ್ ಲೆಕ್ಕ. ನಾನು ಓಡಿದೆ. ಬೆರಳಿಗೆ ಸಿಕ್ಕಿಸುವ ಪ್ರೋಬ್ ಬದಲಿಸಿದೆ, ಕೇಬಲ್ ಬದಲಿಸಿದೆ. ಕೊನೆಗೆ ಪಕ್ಕದ ಬೆಡ್ಡಿನ ಮಾನಿಟರನ್ನೇ ತಂದು ಹಾಕಿದೆ. ಅದರಲ್ಲೂ 74. ಅಷ್ಟರಲ್ಲಿ ಡ್ಯೂಟಿ ಡಾಕ್ಟರಮ್ಮ ಬಂದರು. ಸ್ಕ್ರೀನ್ ಕಡೆ ನೋಡಲೇ ಇಲ್ಲ. ಅಜ್ಜನ ಬೆರಳು ಹಿಡಿದು, "ಐಸ್ ಥರ ತಣ್ಣಗಿದೆಯಲ್ಲ" ಅಂದರು. ಪ್ರೋಬ್ ತೆಗೆದು ಕಿವಿಯ ಹಾಲೆಗೆ ಸಿಕ್ಕಿಸಿದರು. 97.

ಆ ಪ್ರೋಬ್ ಇರುವ ಯಂತ್ರ ಪಲ್ಸ್ ಆಕ್ಸಿಮೀಟರ್. ಅದು ಮಾಡುವುದು ಇಷ್ಟೇ. ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಒಂದು, ಎರಡನ್ನೂ ಬೆರಳಿನ ಮೂಲಕ ಹಾಯಿಸುತ್ತದೆ. ನಾಡಿ ಬಡಿದಾಗೆಲ್ಲ ಎಷ್ಟೆಷ್ಟು ಬೆಳಕು ಹೀರಿಕೊಂಡಿತು ಅಂತ ಹೋಲಿಸಿ ಲೆಕ್ಕ ಹಾಕುತ್ತದೆ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ ಅವರಿಗೆ ಹೊಳೆದ ಉಪಾಯ ಇದು. ಬೆರಳು ತಣ್ಣಗಿದ್ದರೆ ರಕ್ತದ ಓಟ ಕಮ್ಮಿ. ನಾಡಿಯ ಅಲೆಯೇ ಸಿಗದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಸ್ಕ್ರೀನಿನಲ್ಲಿ ಆ ಅಲೆ ಚಪ್ಪಟೆಯಾಗಿ ಮಲಗಿತ್ತು. ನಾನೂ ನೋಡಿದ್ದೆ. ಯಂತ್ರದ ತಪ್ಪು ಅಂದುಕೊಂಡೆ. ಅವರು ಮನುಷ್ಯನ ಕಡೆಯಿಂದ ಯೋಚಿಸಿದರು.

ಈ ಕಥೆ ಕೇಳಿದಾಗ "ನಾನು ಆ ಡಾಕ್ಟರ್ ಆಗಬೇಕು" ಅನ್ನಿಸಿದರೆ ಎಂಬಿಬಿಎಸ್ ನಿಮ್ಮ ಮೊದಲ ದಾರಿ. "ತಣ್ಣಗಿರೋ ಬೆರಳಲ್ಲೂ ಸರಿಯಾಗಿ ತೋರಿಸೋ ಪ್ರೋಬ್ ಮಾಡಬೇಕು" ಅನ್ನಿಸಿದರೆ ಎಂಜಿನಿಯರಿಂಗ್ ಮೊದಲು. ಯಾವುದೂ ಮೇಲಲ್ಲ, ಕೀಳಲ್ಲ. ಆದರೆ ಯಂತ್ರದ ಮೇಲಿನ ಪ್ರೀತಿಗೆ ಎಂಬಿಬಿಎಸ್ ಸೇರಿ, ರೋಗಿಗಳ ಗೋಳು ಕೇಳಲಾರದೆ ಒದ್ದಾಡುವವರನ್ನು ನೋಡಿದ್ದೇನೆ. ಅಂಥವರಿಗೆ ಐದೂವರೆ ವರ್ಷ ತುಂಬಾ ಉದ್ದ.

ಹೆಜ್ಜೆ 2: ಪಿಯುನಲ್ಲಿ ಯಾವ ಬಾಗಿಲನ್ನೂ ಮುಚ್ಚಬೇಡಿ

ಪಿಸಿಎಂಬಿ ತೆಗೆದುಕೊಳ್ಳಿ. ನೀಟ್‌ನಲ್ಲಿ ಗಣಿತ ಇಲ್ಲ ಅಂತ ಅದನ್ನು ಬಿಡುವವರಿದ್ದಾರೆ. ನಿಮಗೆ ಅದು ಸಲ್ಲ. ಸಿಗ್ನಲ್, ಇಮೇಜಿಂಗ್, ಎಐ ಯಾವುದಕ್ಕೆ ಕೈ ಹಾಕಿದರೂ ಗಣಿತ ಬೇಕು.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ಬಯಾಲಜಿ. ಜೊತೆಗೆ ಎಂಜಿನಿಯರಿಂಗ್ ಸೀಟಿಗಾಗಿ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ ಬರೆದಿಟ್ಟುಕೊಳ್ಳಿ. ಮೂರನೆಯದು ವಿಜ್ಞಾನ ಶಿಕ್ಷಣ, ಸಂಶೋಧನೆಯ ಕೇಂದ್ರ ಸಂಸ್ಥೆಗಳಾದ ಐಸರ್‌ನ ಆಪ್ಟಿಟ್ಯೂಡ್ ಟೆಸ್ಟ್, ಐಎಟಿ. ಇದರ ಬಗ್ಗೆ ನಮ್ಮ ಕಡೆ ಹೇಳುವವರೇ ಕಮ್ಮಿ. ಐಐಟಿ ಮದ್ರಾಸ್ 2023ರಲ್ಲಿ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನದ ವಿಭಾಗ ತೆರೆದು, ಮೆಡಿಕಲ್ ಸೈನ್ಸಸ್ ಅಂಡ್ ಎಂಜಿನಿಯರಿಂಗ್ ಅನ್ನುವ ನಾಲ್ಕು ವರ್ಷದ ಬಿಎಸ್ ಶುರು ಮಾಡಿತು. ಅದಕ್ಕೆ ದಾಖಲಾತಿ ಜೆಇಇ ಮೂಲಕ ಅಲ್ಲ, ಐಎಟಿ ಮೂಲಕ. ಹೆಸರಿನಲ್ಲಿ ಮೆಡಿಕಲ್ ಇದೆ ಅಂತ ಮೋಸ ಹೋಗಬೇಡಿ, ಅದು ಓದಿದರೆ ಡಾಕ್ಟರ್ ಆಗಲ್ಲ. ಪ್ರಿಸ್ಕ್ರಿಪ್ಷನ್ ಬರೆಯುವ ಹಕ್ಕು ಈ ಬಿಎಸ್‌ನಿಂದ ಬರಲ್ಲ.

ಬಯಾಲಜಿ ಬಿಟ್ಟು ಪಿಯು ಮುಗಿಸಿದವರೂ ಕೈಚೆಲ್ಲಬೇಕಿಲ್ಲ. ಹನ್ನೆರಡನೇ ತರಗತಿ ಆದಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2023ರ ನವೆಂಬರ್‌ನಲ್ಲಿ ಹೇಳಿದೆ.

ಹೆಜ್ಜೆ 3: ದಾರಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಮೊದಲ ದಾರಿ, ಎಂಬಿಬಿಎಸ್ ಮುಗಿಸಿ ಎಂಜಿನಿಯರಿಂಗ್ ಕಡೆ ಹೊರಳುವುದು. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಆಮೇಲೆ ಐಐಟಿ ಖರಗ್‌ಪುರದಲ್ಲಿ ಎಂಎಂಎಸ್‌ಟಿ ಅನ್ನುವ ಮೂರು ವರ್ಷದ ಕೋರ್ಸ್ ಇದೆ. ಎಂಬಿಬಿಎಸ್ ಆದವರಿಗೆಂದೇ ಮಾಡಿದ್ದು. ಡಾಕ್ಟರುಗಳನ್ನು ಕೂರಿಸಿ ಗಣಿತ, ಎಲೆಕ್ಟ್ರಾನಿಕ್ಸ್, ಇಮೇಜಿಂಗ್ ಕಲಿಸುತ್ತಾರೆ. ನಮಗೆ ಹತ್ತಿರದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ. ಅಲ್ಲಿ ಮೆಡಿಕಲ್ ಸ್ಕೂಲ್ ಮತ್ತು 800 ಹಾಸಿಗೆಯ ಆಸ್ಪತ್ರೆ ಕಟ್ಟಲು 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ಕುಟುಂಬದವರು 425 ಕೋಟಿ ರೂಪಾಯಿ ದೇಣಿಗೆ ಘೋಷಿಸಿದರು. ಅದು ಎಂಬಿಬಿಎಸ್ ಕಾಲೇಜಲ್ಲ. ಎಂಬಿಬಿಎಸ್ ಆದಮೇಲಿನ ಎಂಡಿ ಜೊತೆ ಪಿಎಚ್‌ಡಿ ಮಾಡುವವರಿಗಾಗಿ ಯೋಚಿಸಿದ್ದು. ಪಿಯು ಮುಗಿಸಿ ನೇರ ಐಐಎಸ್‌ಸಿಯಲ್ಲಿ ಡಾಕ್ಟರ್ ಆಗ್ತೀನಿ ಅನ್ನುವ ಮಕ್ಕಳು ಇದನ್ನು ಗಮನಿಸಬೇಕು.

ಎರಡನೆಯದು, ಬಿಇ ಮಾಡಿ ಆಸ್ಪತ್ರೆಯ ಒಳಗೆ ಬರುವುದು. ನನ್ನ ದಾರಿ. ಐಐಟಿ ಮದ್ರಾಸ್, ವೆಲ್ಲೂರಿನ ಮೆಡಿಕಲ್ ಕಾಲೇಜು ಸಿಎಂಸಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೂರೂ ಸೇರಿ ಕ್ಲಿನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂಟೆಕ್ ಕೊಡುತ್ತವೆ. ಐಐಟಿಯಲ್ಲಿ ಪಾಠ, ವಾರ್ಡಿನಲ್ಲಿ ತರಬೇತಿ. ಆಗ ಗೊತ್ತಿದ್ದಿದ್ದರೆ ನಾನೂ ಪ್ರಯತ್ನ ಮಾಡುತ್ತಿದ್ದೆ.

ಮೂರನೆಯದು, ಬಿಇ ಮುಗಿಸಿ ಮತ್ತೆ ನೀಟ್ ಬರೆದು ಎಂಬಿಬಿಎಸ್. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಹಾಗಾಗಿ ಆಗದ ಮಾತಲ್ಲ. ಆದರೆ ನಾಲ್ಕಕ್ಕೆ ಐದೂವರೆ ಕೂಡಿಸಿ: ಒಂಬತ್ತೂವರೆ ವರ್ಷ, ಪಿಜಿ ಇನ್ನೂ ಶುರುವಾಗಿಲ್ಲ. ಮನೆಯಲ್ಲಿ ಅನುಕೂಲ ಇಲ್ಲದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಅಮೆರಿಕದ ಮಾತು ಎತ್ತುವವರೂ ಇದ್ದಾರೆ. ಇಲಿನಾಯ್ಸ್‌ನ ಕಾರ್ಲ್ ಇಲಿನಾಯ್ಸ್ ಕಾಲೇಜ್ ಆಫ್ ಮೆಡಿಸಿನ್ ಎಂಜಿನಿಯರಿಂಗ್ ತಳಹದಿಯ ಮೇಲೇ ಕಟ್ಟಿದ ಮೊದಲ ಮೆಡಿಕಲ್ ಕಾಲೇಜು. 2018ರಲ್ಲಿ 32 ಮಂದಿಯ ಬ್ಯಾಚಿನಿಂದ ಶುರುವಾಯಿತು. ಟೆಕ್ಸಾಸ್ ಎ ಅಂಡ್ ಎಂನವರ ಎನ್‌ಮೆಡ್‌ನಲ್ಲಿ ನಾಲ್ಕು ವರ್ಷಕ್ಕೆ ಎಂಡಿ (ಅಲ್ಲಿ ಡಾಕ್ಟರ್ ಆಗುವ ಮೊದಲ ಪದವಿಯೇ ಅದು) ಮತ್ತು ಎಂಜಿನಿಯರಿಂಗ್ ಮಾಸ್ಟರ್ಸ್ ಎರಡೂ ಸಿಗುತ್ತವೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸುವ ಕಾರ್ಯಕ್ರಮ 1970ರಿಂದಲೇ ಇದೆ. ಕೇಳಲು ಚೆನ್ನ. ಆದರೆ ಅಲ್ಲಿ ಎಂಡಿಗೆ ಸೇರಬೇಕಾದರೆ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಎಂಕ್ಯಾಟ್ ಪರೀಕ್ಷೆ. ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಕಾಲೇಜುಗಳೂ ಕಮ್ಮಿ. ವಾಪಸ್ ಬಂದು ಇಲ್ಲಿ ಪ್ರಾಕ್ಟೀಸ್ ಮಾಡುವ ಯೋಚನೆ ಇದ್ದರೆ, ಹೊರದೇಶದ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು ಅನ್ನುವ ಎನ್‌ಎಂಸಿಯ 2021ರ ನಿಯಮವನ್ನು ಹೊರಡುವ ಮುಂಚೆಯೇ ಓದಿ. ಅಲ್ಲಿನ ಎಂಡಿ ನಾಲ್ಕೇ ವರ್ಷದ್ದು ಅನ್ನುವುದು ನೆನಪಿರಲಿ.

ಹೆಜ್ಜೆ 4: ವಾರ್ಡಿನಿಂದ ವರ್ಕ್‌ಶಾಪಿಗೆ ಎಷ್ಟು ದೂರ?

ಕಾಲೇಜು ಅಳೆಯಲು ನನ್ನ ಹತ್ತಿರ ಇರುವ ಟೇಪು ಇದೊಂದೇ. ಎಂಬಿಬಿಎಸ್ ಹುಡುಗರಿಗೆ ಸಂಜೆ ಸಿಗುವುದು ಒಂದೆರಡು ಗಂಟೆ. ಅಷ್ಟರೊಳಗೆ ಎಂಜಿನಿಯರಿಂಗ್ ಲ್ಯಾಬಿಗೆ ಹೋಗಿ ಬರಲು ಆಗುತ್ತದಾ? ಬಸ್ ಹಿಡಿಯಬೇಕು ಅಂತಾದರೆ ಎರಡನೇ ವಾರಕ್ಕೇ ಆ ಆಸೆ ಬಿಟ್ಟುಹೋಗುತ್ತದೆ.

ಈ ಲೆಕ್ಕದಲ್ಲಿ ಮಣಿಪಾಲ ಚೆನ್ನಾಗಿದೆ. 1953ರ ಮೆಡಿಕಲ್ ಕಾಲೇಜು ಕೆಎಂಸಿ, 1957ರ ಎಂಜಿನಿಯರಿಂಗ್ ಕಾಲೇಜು ಎಂಐಟಿ, ಎರಡೂ ಒಂದೇ ಊರಿನಲ್ಲಿವೆ. ಬೆಂಗಳೂರಿನಲ್ಲಿ ರಾಮಯ್ಯದ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜು ಅಕ್ಕಪಕ್ಕ. ತುಮಕೂರಿನಲ್ಲಿ ಅಗಳಕೋಟೆಯ ಶ್ರೀ ಸಿದ್ಧಾರ್ಥ ಮೆಡಿಕಲ್ ಕಾಲೇಜು, ಮರಳೂರಿನ ಎಂಜಿನಿಯರಿಂಗ್ ಕಾಲೇಜು ಎಸ್‌ಎಸ್‌ಐಟಿ ಎರಡೂ ಒಂದೇ ಡೀಮ್ಡ್ ವಿಶ್ವವಿದ್ಯಾಲಯದವು (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆ). ಇತ್ತೀಚೆಗೆ ಶುರುವಾದ ಸಿದ್ಧಗಂಗಾ ಮೆಡಿಕಲ್ ಕಾಲೇಜಿದೆ, ಅದೇ ಊರಿನಲ್ಲಿ 1963ರ ಎಂಜಿನಿಯರಿಂಗ್ ಕಾಲೇಜು ಎಸ್‌ಐಟಿ ಇದೆ. ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ಮೆಡಿಕಲ್ ಕಾಲೇಜು 1986ರದ್ದು, ಜೊತೆಗೆ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಐಟಿಯೂ ಇದೆ. ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಉಚಿತವಾಗಿ ಎಂಬಿಬಿಎಸ್ ಕಲಿಸುವ ಶ್ರೀ ಮಧುಸೂದನ ಸಾಯಿ ಕಾಲೇಜಿದೆ. ಎಂಜಿನಿಯರುಗಳ ದಿನವೇ ಅವರ ಹುಟ್ಟುಹಬ್ಬ, ಅವರ ಊರಿನಲ್ಲಿ ಮೆಡಿಕಲ್ ಕಾಲೇಜು. ನಮ್ಮ ಹುಡುಗಿಗೆ ಇದು ಭಾರೀ ಇಷ್ಟವಾಯಿತು.

ಆದರೆ ಒಂದೇ ಟ್ರಸ್ಟು, ಒಂದೇ ಊರು ಅಂದ ಮಾತ್ರಕ್ಕೆ ಇವರ ಹುಡುಗರು ಅವರ ಲ್ಯಾಬಿಗೆ ಹೋಗುತ್ತಾರೆ ಅಂತಲ್ಲ. ಅದನ್ನು ಹೋಗಿಯೇ ನೋಡಬೇಕು. ಬ್ರೋಷರ್‌ನಲ್ಲಿ "ಇನ್ನೋವೇಶನ್ ಸೆಂಟರ್" ಅಂತ ಬರೆಯದವರು ಯಾರಿದ್ದಾರೆ? ಎಷ್ಟೋ ಕಡೆ ಅದು ಬೀಗ ಹಾಕಿದ ರೂಮು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಹೋಗುವುದಾದರೆ ಓಪನ್ ಡೇಗೆ ಹೋಗಬೇಡಿ. ಸುಮ್ನೆ ಒಂದು ಮಂಗಳವಾರ ಬೆಳಗ್ಗೆ ಹತ್ತಕ್ಕೆ ಹೋಗಿ, ಓಪಿಡಿ ಚೀಟಿ ಕೌಂಟರ್ ಹತ್ತಿರ ಅರ್ಧ ಗಂಟೆ ನಿಲ್ಲಿ. ಸಾಲು ಬಾಗಿಲು ದಾಟಿ ಹೊರಗೆ ಬಂದಿದೆಯಾ? ಒಳ್ಳೇದು. ಬೆಂಚುಗಳು ಖಾಲಿ ಇದ್ದರೆ ಎಷ್ಟು ಚಂದದ ಕಟ್ಟಡವಾದರೂ ಯೋಚನೆ ಮಾಡಿ. ರೋಗಿಗಳನ್ನು ನೋಡದೆ ಕಲಿತ ಡಾಕ್ಟರಿಗೆ ಯಾವ ಯಂತ್ರ ಬೇಕು ಅನ್ನುವುದೂ ಗೊತ್ತಾಗಲ್ಲ. ಹೊಸ ಕಾಲೇಜುಗಳಲ್ಲಿ ಇದನ್ನು ಎರಡು ಸಲ ನೋಡಿ, ವಾರ್ಡು ತುಂಬಲು ಕಾಲ ಬೇಕಾಗುತ್ತದೆ.

ಅಲ್ಲಿಂದ ಬಯೋಮೆಡಿಕಲ್ ವಿಭಾಗ ಎಲ್ಲಿ ಅಂತ ಕೇಳಿಕೊಂಡು ಹೋಗಿ. ಸಾಮಾನ್ಯವಾಗಿ ಬೇಸ್‌ಮೆಂಟಿನಲ್ಲಿ, ಜನರೇಟರ್ ಪಕ್ಕ ಇರುತ್ತದೆ. ನಮ್ಮಂಥವರು ಅಲ್ಲೇ ಕೂತಿರುತ್ತೇವೆ, ಮಾತಾಡಿಸಿದರೆ ಖುಷಿಯಾಗುತ್ತದೆ. "ಹೋದ ತಿಂಗಳು ನೀವೇ ಬಿಚ್ಚಿ ಸರಿ ಮಾಡಿದ ಮಷೀನ್ ಯಾವುದು?" ಅಂತ ಕೇಳಿ. "ಸಿರಿಂಜ್ ಪಂಪ್, ಬ್ಯಾಟರಿ ಹೋಗಿತ್ತು" ಅಂತ ಥಟ್ಟನೆ ಹೇಳಿದರೆ ಅಲ್ಲಿ ಕೆಲಸ ನಡೆಯುತ್ತಿದೆ. "ಎಲ್ಲಾ ಎಎಂಸಿ ಇದೆ, ಕಂಪನಿಯವರೇ ಬಂದು ನೋಡ್ತಾರೆ" ಅಂದರೆ (ಎಎಂಸಿ ಎಂದರೆ ವಾರ್ಷಿಕ ನಿರ್ವಹಣಾ ಒಪ್ಪಂದ) ಮೂಲೆಯಲ್ಲಿರುವ ಸೋಲ್ಡರಿಂಗ್ ಐರನ್ ಮೇಲೆ ಧೂಳಿದೆಯಾ ನೋಡಿ. ಎಂಬಿಬಿಎಸ್ ಓದುವ ಯಾರಾದರೂ ಎಂದಾದರೂ ಈ ರೂಮಿಗೆ ಬಂದಿದ್ದಾರಾ ಅಂತಲೂ ಕೇಳಿ. ಒಬ್ಬರು ಬಂದಿದ್ದರೂ ಸಾಕು, ದಾರಿ ಇದೆ ಅಂತ ಅರ್ಥ.

ಹಾಸ್ಟೆಲ್ ಮೆಸ್‌ನಲ್ಲಿ ಸೀನಿಯರ್‌ಗಳನ್ನು ಹಿಡಿಯಿರಿ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್, ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎಸ್‌ಟಿಎಸ್ ಅನ್ನುವ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತದೆ. ಅದು ಯಾರಿಗಾದರೂ ಬಂದಿದೆಯಾ, ಗೈಡ್ ಯಾರು ಅಂತ ಕೇಳಿ. ಹೆಸರು ಹೇಳಿದರೆ ಬರೆದುಕೊಳ್ಳಿ. ನಿಮಗೆ ಬೇಕಾಗಿರುವುದು ಸಹಿ ಹಾಕಿ ಬೆನ್ನು ತಟ್ಟುವ ಒಬ್ಬ ಪ್ರೊಫೆಸರ್, ಅಷ್ಟೇ. ಎಥಿಕ್ಸ್ ಕಮಿಟಿ ಎಷ್ಟು ತಿಂಗಳಿಗೊಮ್ಮೆ ಸೇರುತ್ತದೆ ಅಂತ ಕೇಳುವುದನ್ನೂ ಮರೆಯಬೇಡಿ. ನೀವು ಮಾಡಿದ ಪುಟ್ಟ ಸೆನ್ಸರನ್ನು ರೋಗಿಯ ಮೇಲೆ ಇಡಬೇಕಾದರೆ ಆ ಕಮಿಟಿ ಹೂಂ ಅನ್ನಬೇಕು. ಅದು ಸೇರುವುದೇ ಅಪರೂಪವಾದರೆ ನಿಮ್ಮ ಪ್ರಾಜೆಕ್ಟ್ ಇಂಟರ್ನ್‌ಶಿಪ್ ಮುಗಿದರೂ ಮುಗಿಯಲ್ಲ.

ಹೆಜ್ಜೆ 5: ಸೀಟು ಮತ್ತು ದುಡ್ಡು

ನಮ್ಮ ಮೂರು ಜಿಲ್ಲೆಯವರು ಎಡವುವುದು ಇಲ್ಲೇ. ಸರ್ಕಾರಿ ಕಾಲೇಜಿನ ರಾಜ್ಯ ಕೋಟಾ ಸೀಟು, ಖಾಸಗಿ ಕಾಲೇಜಿನ ಸೀಟು ಇವೆಲ್ಲ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ. ಡೀಮ್ಡ್ ವಿಶ್ವವಿದ್ಯಾಲಯದ ಸೀಟು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ ಮೂಲಕ. ತುಮಕೂರಿನ ಸಿದ್ಧಾರ್ಥ, ಕೋಲಾರದ ಅರಸು ಎರಡೂ ಡೀಮ್ಡ್. ಮನೆಯ ಎದುರಿಗೇ ಕಾಲೇಜಿದೆ ಅಂತ ಕೆಇಎ ಪಟ್ಟಿಯಲ್ಲಿ ಹುಡುಕುತ್ತಾ ಕೂತರೆ ಎಂಸಿಸಿ ರಿಜಿಸ್ಟ್ರೇಶನ್ ಮುಗಿದೇ ಹೋಗಿರುತ್ತದೆ.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಕೆಇಎಯಲ್ಲಿ 15% ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ 5% ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಸಹಿ ಬೇಕು. ಪ್ರೈಮರಿ ಒಂದು ಊರು, ಹೈಸ್ಕೂಲ್ ಇನ್ನೊಂದು ತಾಲ್ಲೂಕು ಆಗಿದ್ದರೆ ಎರಡು ಬಿಇಒ ಕಚೇರಿ ಸುತ್ತಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಇದನ್ನೆಲ್ಲ ನೀಟ್ ಮುಗಿದ ಮಾರನೇ ದಿನವೇ ಶುರು ಮಾಡಿ. ರಿಸಲ್ಟ್ ಬಂದಮೇಲೆ ನೋಡೋಣ ಅಂದವರೆಲ್ಲ ಅದೇ ಕ್ಯೂನಲ್ಲಿ ನಿಂತಿರುತ್ತಾರೆ.

ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಅಕ್ಕಪಕ್ಕದವರ ಪಟ್ಟಿ ನಕಲು ಮಾಡಬೇಡಿ. ಮೊದಲು ಅಣಕು ಹಂಚಿಕೆ, ಅಂದರೆ ಲೆಕ್ಕಕ್ಕಿಲ್ಲದ ಪ್ರಯೋಗದ ಹಂಚಿಕೆ ಬರುತ್ತದೆ, ಆಮೇಲೂ ಕ್ರಮ ಬದಲಿಸಲು ಅವಕಾಶ ಇರುತ್ತದೆ. ಸೀಟು ಸಿಕ್ಕಮೇಲೆ ನಾಲ್ಕು ಛಾಯ್ಸ್‌ಗಳಲ್ಲಿ ಎರಡನೆಯದು, ಅಂದರೆ ಈ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ನಿಮ್ಮಂಥವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗ್ರಾಮೀಣ ಸೇವೆ, ಬಾಂಡ್ ನಿಯಮಗಳು ಬದಲಾಗುತ್ತಿರುತ್ತವೆ. ಆ ವರ್ಷದ ಕೈಪಿಡಿಯನ್ನೇ ಓದಿ, ಉಚಿತ ಕಾಲೇಜಾದರೆ ಇನ್ನೂ ಗಮನವಿಟ್ಟು ಓದಿ.

ಈಗ ನನ್ನ ಖಂಡಿತವಾದ ಅಭಿಪ್ರಾಯ. ಸರ್ಕಾರಿ ಸೀಟು ಎಲ್ಲಿ ಸಿಕ್ಕರೂ ಅದೇ ಮೊದಲು. ಡೀಮ್ಡ್ ಕಾಲೇಜಿನಲ್ಲಿ ಪೂರ್ತಿ ಕೋರ್ಸಿನ ಲೆಕ್ಕ ಕೋಟಿ ಹತ್ತಿರ ಹೋಗುವುದುಂಟು. ಸಾಲ ಮಾಡಿ ಓದಿದವರು ಐಐಟಿಗೆ ಹೋಗಿ ಮೂರು ವರ್ಷ ಯಂತ್ರ ಬಿಚ್ಚುತ್ತಾ ಕೂರಲ್ಲ. ಇಎಂಐ ಬಿಡಲ್ಲ. ನೇರ ಪಿಜಿ, ನೇರ ಪ್ರಾಕ್ಟೀಸ್. ಲ್ಯಾಬ್ ಚೆನ್ನಾಗಿರುವ ಕಾಲೇಜಿಗೆ ಸಾಲ ಮಾಡಿ ಸೇರಿದರೆ, ಆ ಲ್ಯಾಬಿನಿಂದ ಮುಂದೆ ಏನಾದರೂ ಮಾಡುವ ಸ್ವಾತಂತ್ರ್ಯವೇ ಹೋಗುತ್ತದೆ. ಜೇಬಿನಲ್ಲಿ ಸಾಲವಿಲ್ಲದ, ಲ್ಯಾಬಿಲ್ಲದ ಹುಡುಗ ಎಸ್‌ಐಟಿ ಹುಡುಗರ ಜೊತೆ ಟೀ ಅಂಗಡಿಯಲ್ಲಿ ಕೂತೇ ಏನಾದರೂ ಮಾಡಿಯಾನು.

ಹೆಜ್ಜೆ 6: ಸೇರಿದ ಮೇಲೆ

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಬಿಟ್ಟು ಬೇರೆ ಏನೂ ಬೇಡ. ಎರಡನೇ ವರ್ಷದಿಂದ ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಆನ್‌ಲೈನ್ ಬಿಎಸ್ ನೋಡಬಹುದು. ಕಾಲೇಜಿನ ಅನುಮತಿ ಕೇಳಿಯೇ ಸೇರಿ. ಪೂರ್ತಿ ಡಿಗ್ರಿ ಮಾಡಲೇಬೇಕು ಅಂತಿಲ್ಲ, ಪೈಥಾನ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಬಂದರೆ ಸಾಕು.

ವಾರ್ಡಿಗೆ ಹೋಗಲು ಶುರುವಾದ ದಿನದಿಂದ ಕೋಟಿನ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಡಿ. ಸಿಸ್ಟರ್‌ಗಳು ಯಾವುದಕ್ಕೆ ಪ್ಲಾಸ್ಟರ್ ಸುತ್ತಿದ್ದಾರೆ, ಯಾವ ಅಲಾರಂ ಆಫ್ ಮಾಡಿದ್ದಾರೆ, ಯಾವುದಕ್ಕೆ ಬೈಯುತ್ತಾರೆ, ಬರೆದುಕೊಳ್ಳಿ. ನಮ್ಮ ಕಡೆಯ ಕಾಯಿಲೆಗಳನ್ನೂ ನೋಡಿ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ನಿಯಮ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಬೆನ್ನುಮೂಳೆ ಬಿಗಿಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಫಿಲ್ಟರ್ ಯಾವಾಗ ಬದಲಿಸಿದರು ಅಂತ ಯಾರಿಗೂ ಗೊತ್ತಿರಲ್ಲ. ಮೂಳೆಯ ಎಕ್ಸ್-ರೇ ಓದಲು ಡಾಕ್ಟರ್ ಬೇಕು, ಆ ಫಿಲ್ಟರ್ ಅಳೆಯಲು ಎಂಜಿನಿಯರ್ ಬೇಕು. ಎರಡನ್ನೂ ನೋಡುವ ಒಬ್ಬರು ಸಿಕ್ಕರೆ ಪಾವಗಡದವರು ಕೈ ಮುಗಿಯುತ್ತಾರೆ.

ಬೇಗ ಆಗಲ್ಲ ಅನ್ನುವುದಕ್ಕೆ ತಯಾರಿರಿ. ಶ್ರೀ ಚಿತ್ರಾದಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ನಮ್ಮದೇ ಹೃದಯದ ಕವಾಟ ಮಾಡಲು ಹೊರಟಾಗ ಮೊದಲ ಮೂರು ಮಾದರಿಗಳೂ ಸೋತವು. ನಾಲ್ಕನೆಯದು ನಿಂತಿತು. ಅದರ ಬಿಲ್ಲೆ ಮಾಡಿದ್ದು ಗಟ್ಟಿ ಪಾಲಿಥಿಲೀನ್‌ನಿಂದ, ಒಂದು ಜಾತಿಯ ಪ್ಲಾಸ್ಟಿಕ್. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಎದೆಗೆ ಅದನ್ನು ಕೂರಿಸಿದರು. ವಲಿಯತ್ತಾನ್ ಸರ್ಜನ್. ಆದರೆ ಲೋಹ ಗೊತ್ತಿದ್ದವರು, ಪ್ಲಾಸ್ಟಿಕ್ ಗೊತ್ತಿದ್ದವರು ಪಕ್ಕದಲ್ಲಿದ್ದರು. ಜೈಪುರ ಪಾದದ ಹಿಂದೆಯೂ ಡಾ. ಪಿ.ಕೆ. ಸೇಠಿ ಜೊತೆ ರಾಮಚಂದ್ರ ಶರ್ಮಾ ಅನ್ನುವ ಕುಶಲಕರ್ಮಿ ಇದ್ದರು. ಹಾಗಾಗಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಹುಡುಗರ ಸ್ನೇಹ ಮಾಡಿಕೊಳ್ಳಿ. ಲೇತ್ ನಡೆಸುವವರ ಸ್ನೇಹವನ್ನೂ ಮಾಡಿಕೊಳ್ಳಿ.

ನಮ್ಮ ಹುಡುಗಿ ಸದ್ಯಕ್ಕೆ ಎಂಬಿಬಿಎಸ್ ಮೊದಲು ಅಂತ ತೀರ್ಮಾನಿಸಿದ್ದಾಳೆ. ಐಎಟಿಗೂ ಅರ್ಜಿ ಹಾಕುತ್ತಾಳಂತೆ. ಬರುವ ಮಂಗಳವಾರ ಅವಳನ್ನು ನನ್ನ ಜೊತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ, ಓಪಿಡಿ ಸಾಲು ಎಣಿಸಲು. ಅಜ್ಜಿಯ ಬಿಪಿ ಮಷೀನ್ ಮಾತ್ರ ಇನ್ನೂ ಸರಿಹೋಗಿಲ್ಲ. ಮೋಟಾರು ಓಡುತ್ತದೆ, ಪಟ್ಟಿ ಉಬ್ಬುತ್ತದೆ, ಅರ್ಧಕ್ಕೆ ಇಳಿದುಬಿಡುತ್ತದೆ. ಎಲ್ಲೋ ಗಾಳಿ ಸೋರುತ್ತಿದೆ. ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತೆ ನೋಡ್ತೀನಿ ಅಂದಿದ್ದಾಳೆ, ಪಂಕ್ಚರ್ ಅಂಗಡಿಯವರ ಹಾಗೆ.